ಆದರೂ ಮತ್ತು ಆದ್ದರಿಂದ

(ಒಂದು ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರದ ಒಂದು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೋರ್ಡಿನ ಮೇಲೆ ಎರಡು ವಾಕ್ಯ ಬರೆದಿದ್ದೇನೆ. ಮೊದಲನೆಯದು: "ಅಪರಾಧ ಇಳಿಯುತ್ತಿದೆ, ಆದರೂ ಜೈಲುಗಳು ತುಂಬುತ್ತಿವೆ." ಎರಡನೆಯದು: "ಜೈಲುಗಳು ತುಂಬುತ್ತಿವೆ, ಆದ್ದರಿಂದ ಅಪರಾಧ ಇಳಿಯುತ್ತಿದೆ."

ಎರಡರಲ್ಲೂ ಇರುವ ಸಂಗತಿ ಒಂದೇ. ಅಂಕಿ ಒಂದೇ, ದೇಶ ಒಂದೇ, ವರ್ಷವೂ ಒಂದೇ. ಬೇರೆ ಇರುವುದು ನಡುವಿನ ಒಂದು ಪದ. ಅಮೆರಿಕದಲ್ಲಿ ಈ ಒಂದು ಪದಕ್ಕಾಗಿ ಹಲವು ದಶಕಗಳಿಂದ ಜಗಳ ನಡೆದಿದೆ. ಆ ಜಗಳದಲ್ಲಿ ಲಕ್ಷಾಂತರ ಜನರ ಬದುಕು ಸಿಕ್ಕಿಹಾಕಿಕೊಂಡಿದೆ. ಇವತ್ತು ನಾನು ಆ ಪದದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ.

ಮೊದಲನೆಯ ವಾಕ್ಯ ನಾನು ಕಟ್ಟಿದ್ದಲ್ಲ. 1997ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಹೆಚ್ಚುಕಡಿಮೆ ಇದೇ ಅರ್ಥದ ತಲೆಬರಹ ಬಂತು. ವರದಿ ಬರೆದವರು ಫಾಕ್ಸ್ ಬಟರ್‌ಫೀಲ್ಡ್. ಕಠಿಣ ಶಿಕ್ಷೆಯ ಪರ ಇದ್ದವರು ಅವರನ್ನು ವರ್ಷಗಟ್ಟಲೆ ಗೇಲಿ ಮಾಡಿದರು. ಕಳ್ಳರು ಒಳಗಿದ್ದಾರೆ, ಅದಕ್ಕೇ ಹೊರಗೆ ಕಳ್ಳತನ ಕಡಿಮೆಯಾಗಿದೆ, ಇಷ್ಟೂ ಹೊಳೆಯಲಿಲ್ಲವೇ ಅನ್ನುವುದು ಅವರ ಮಾತು. ತಲೆಬರಹ ಕೊಡುವವರು ಸಾಮಾನ್ಯವಾಗಿ ಡೆಸ್ಕಿನವರು, ವರದಿಗಾರರಲ್ಲ. ಆದರೆ ಗೇಲಿ ಅಂಟಿಕೊಂಡಿದ್ದು ವರದಿಗಾರರ ಹೆಸರಿಗೆ.

ಈಗ ಎರಡೂ ಕಡೆಯವರ ತಲೆಯೊಳಗೆ ಸ್ವಲ್ಪ ಹೊಕ್ಕು ನೋಡೋಣ.

"ಆದರೂ" ಅನ್ನುವವರ ಮನಸ್ಸಿನಲ್ಲಿ ಒಂದು ಬಾಣ ಇದೆ. ಅದು ಅಪರಾಧದಿಂದ ಜೈಲಿನ ಕಡೆಗೆ ಹೋಗುತ್ತದೆ. ಅಪರಾಧ ಜಾಸ್ತಿಯಾದರೆ ಕೈದಿಗಳು ಜಾಸ್ತಿ, ಅಪರಾಧ ಕಡಿಮೆಯಾದರೆ ಕೈದಿಗಳು ಕಡಿಮೆ. ಹಾಗಾಗಿ ಅಪರಾಧ ಇಳಿದಾಗಲೂ ಜೈಲು ತುಂಬಿದರೆ ಅವರಿಗೆ ಏನೋ ಎಡವಟ್ಟಾಗಿದೆ ಅನ್ನಿಸುತ್ತದೆ. "ಆದ್ದರಿಂದ" ಅನ್ನುವವರ ಬಾಣ ತಿರುಗಿಕೊಂಡಿದೆ. ಅದು ಜೈಲಿನಿಂದ ಅಪರಾಧದ ಕಡೆಗೆ ಬರುತ್ತದೆ. ಜನರನ್ನು ಒಳಗೆ ಹಾಕಿದರೆ ಹೊರಗೆ ನೆಮ್ಮದಿ.

ತೊಂದರೆ ಏನೆಂದರೆ ಎರಡು ಬಾಣಗಳೂ ನಿಜ. ಅಪರಾಧ ಹೆಚ್ಚಾದಾಗ ಜೈಲು ತುಂಬುತ್ತದೆ. ಜೈಲು ತುಂಬಿದಾಗ ಅಪರಾಧ ಒಂದಿಷ್ಟು ಕಡಿಮೆಯಾಗಲೂಬಹುದು. ಎರಡೂ ಒಟ್ಟಿಗೆ ಎಳೆದಾಡುವಾಗ ಹೊರಗೆ ಕಾಣುವುದು ಹಗ್ಗ ಮಾತ್ರ. ಯಾರು ಎಷ್ಟು ಬಲವಾಗಿ ಎಳೆದರು ಅಂತ ಹಗ್ಗ ನೋಡಿ ಹೇಳಲು ಆಗುವುದಿಲ್ಲ. ಇಷ್ಟು ಸಾಲದು ಅಂತ ಮೂರನೆಯವರೂ ಹಗ್ಗ ಹಿಡಿದಿದ್ದಾರೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2014ರಲ್ಲಿ ಈ ವಿಷಯದ ಮೇಲೆ ಒಂದು ದೊಡ್ಡ ವರದಿ ತಂದಿತು. ಜೈಲುಗಳು ಇಷ್ಟು ತುಂಬಲು ಮುಖ್ಯ ಕಾರಣ ಅಪರಾಧದ ಏರಿಕೆ ಅಲ್ಲ, ಕಾನೂನು ಬದಲಾಗಿದ್ದು ಅಂತ ಅದು ಹೇಳಿತು. ಹಿಂದೆ ಜೈಲಾಗದ ತಪ್ಪಿಗೆ ಜೈಲಾಯಿತು. ಹಿಂದೆ 2 ವರ್ಷ ಸಿಗುತ್ತಿದ್ದ ಕಡೆ 5 ವರ್ಷ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಕಳ್ಳತನ ಒಂದೂ ಹೆಚ್ಚಾಗದಿದ್ದರೂ ಜೈಲು ತುಂಬುತ್ತಲೇ ಹೋಗುತ್ತದೆ, ಅಲ್ವಾ?

ಈಗ ಸ್ವಲ್ಪ ಅಂಕಿ. ಪೆನ್ನು ಇರುವವರು ಬರೆದುಕೊಳ್ಳಿ.

1972ರಲ್ಲಿ ಅಮೆರಿಕದ ರಾಜ್ಯ ಮತ್ತು ಫೆಡರಲ್ ಜೈಲುಗಳಲ್ಲಿ ಸುಮಾರು 2 ಲಕ್ಷ ಜನ ಇದ್ದರು. 1991ರ ಹೊತ್ತಿಗೆ ಅದು 8 ಲಕ್ಷದ ಹತ್ತಿರ ಬಂತು. ಅಂದರೆ ನಾಲ್ಕು ಪಟ್ಟು. ಅದೇ ಅವಧಿಯಲ್ಲಿ ಹಿಂಸಾತ್ಮಕ ಅಪರಾಧ ಒಂದು ಲಕ್ಷ ಜನರಿಗೆ 400ರ ಆಸುಪಾಸಿನಿಂದ 758ಕ್ಕೆ ಏರಿತು. ಈ ತುಂಡನ್ನು ಮಾತ್ರ ನೋಡಿದವರು ಜೈಲು ಹೆಚ್ಚಿದಷ್ಟೂ ಅಪರಾಧ ಹೆಚ್ಚುತ್ತದೆ ಅನ್ನಬಹುದು.

ಮುಂದಿನ ತುಂಡು 1991ರಿಂದ 2009. ಕೈದಿಗಳು 8 ಲಕ್ಷದಿಂದ 16 ಲಕ್ಷಕ್ಕೆ ಏರಿದರು. ಅಪರಾಧದ ದರ 758ರಿಂದ 430ರ ಹತ್ತಿರಕ್ಕೆ ಇಳಿಯಿತು. ಇದನ್ನು ನೋಡಿದವರು ಜೈಲೇ ಮದ್ದು ಅನ್ನಬಹುದು.

ಮೂರನೆಯ ತುಂಡು 2009ರಿಂದ 2019. ಕೈದಿಗಳ ಸಂಖ್ಯೆ 16 ಲಕ್ಷದಿಂದ 14 ಲಕ್ಷದ ಚಿಲ್ಲರೆಗೆ ಇಳಿಯಿತು. ಅಪರಾಧವೂ ಇಳಿಯಿತು. ಇದನ್ನು ಹಿಡಿದವರು ಬಾಗಿಲು ತೆರೆದರೆ ಸಾಕು, ಸಮಾಜ ಸುಧಾರಿಸುತ್ತದೆ ಅನ್ನಬಹುದು.

ಒಂದೇ ದೇಶ, ಮೂರು ತುಂಡು, ಮೂರು ತೀರ್ಪು. ಟಿವಿ ಚರ್ಚೆಗೆ ಬರುವವರು ಸಾಮಾನ್ಯವಾಗಿ ತೀರ್ಪು ಮೊದಲೇ ಇಟ್ಟುಕೊಂಡು ಆಮೇಲೆ ತುಂಡು ಹುಡುಕುತ್ತಾರೆ. ಗ್ರಾಫ್ ಯಾವ ವರ್ಷದಿಂದ ಶುರುವಾಗಿದೆ ಅಂತ ನೋಡುವುದನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತೇನೆ. ಸೂತ್ರ ಆಮೇಲೆ.

ಎರಡು ಸಂಗತಿ ಜೊತೆಯಾಗಿ ಏರಿಳಿಯುವುದಕ್ಕೆ ನಮ್ಮ ಪಠ್ಯಪುಸ್ತಕಗಳು ಸಹಸಂಬಂಧ ಅನ್ನುತ್ತವೆ. ಒಂದು ಇನ್ನೊಂದನ್ನು ಉಂಟುಮಾಡಿತು ಅನ್ನುವುದು ಬೇರೆಯೇ ಮಾತು. ನಮ್ಮ ಹಳ್ಳಿಗಳಲ್ಲಿ ಇದು ಪುಸ್ತಕಕ್ಕಿಂತ ಮೊದಲೇ ಗೊತ್ತಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅಂತೀವಲ್ಲ, ಅದೇ.

ಆದರೆ ಗಾದೆ ಹೇಳಿ ಕೂತುಬಿಟ್ಟರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಕೆಲವೊಮ್ಮೆ ಟೊಂಗೆ ಕಾಗೆಯ ಭಾರಕ್ಕೇ ಮುರಿದಿರಬಹುದು. ಅದನ್ನು ತಿಳಿಯುವುದು ಹೇಗೆ? ಕಾಗೆ ಕೂರದಿದ್ದರೆ ಏನಾಗುತ್ತಿತ್ತು ಅಂತ ನೋಡಬೇಕು. ಜೈಲು ಇಷ್ಟು ತುಂಬದೇ ಇದ್ದಿದ್ದರೆ ಅಪರಾಧ ಎಷ್ಟಿರುತ್ತಿತ್ತು? ಆ ಇನ್ನೊಂದು ಅಮೆರಿಕ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದರ ನೆರಳು ಎಲ್ಲಾದರೂ ಬಿದ್ದಿದೆಯಾ ಅಂತ ಹುಡುಕಬೇಕು.

ಒಂದು ನೆರಳು ಪಕ್ಕದ ಮನೆಯಲ್ಲೇ ಇದೆ. ಕೆನಡಾದಲ್ಲಿ 1990ರ ದಶಕದಲ್ಲಿ ಜೈಲಿನ ಜನಸಂಖ್ಯೆ ಹೆಚ್ಚೇನೂ ಏರಲಿಲ್ಲ. ಆದರೆ ಕೊಲೆಯ ದರ 1991ರಿಂದ 2000ದ ಒಳಗೆ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಅಮೆರಿಕದಲ್ಲಿ ಅದೇ ಅವಧಿಯಲ್ಲಿ ಒಂದು ಲಕ್ಷ ಜನರಿಗೆ 9.8ರಿಂದ 5.5ಕ್ಕೆ ಇಳಿದಿತ್ತು. ಇನ್ನೊಂದು ನೆರಳು ಅಮೆರಿಕದೊಳಗೇ ಇದೆ. ನ್ಯೂಯಾರ್ಕ್ ರಾಜ್ಯದ ಜೈಲುಗಳಲ್ಲಿ 1999ರಲ್ಲಿ ಸುಮಾರು 72,000 ಜನ ಇದ್ದರು. 2015ರ ಹೊತ್ತಿಗೆ ಅದು 52,000ದ ಆಸುಪಾಸಿಗೆ ಬಂತು. ನ್ಯೂಯಾರ್ಕ್ ನಗರದಲ್ಲಿ 1990ರಲ್ಲಿ 2,245 ಕೊಲೆ ಆಗಿದ್ದವು. 2015ರಲ್ಲಿ 352. ಜೈಲು ಖಾಲಿಯಾಗುತ್ತಿದ್ದ ವರ್ಷಗಳಲ್ಲೂ ಈ ಇಳಿತ ನಿಲ್ಲಲಿಲ್ಲ.

ಇವು ಕೂಡ ಪುರಾವೆ ಅಲ್ಲ, ಸುಳಿವು ಮಾತ್ರ. ಕೆನಡಾ ಮತ್ತು ಅಮೆರಿಕದ ನಡುವೆ ಬಂದೂಕಿನಿಂದ ಹಿಡಿದು ಆಸ್ಪತ್ರೆಯವರೆಗೆ ಸಾವಿರ ವ್ಯತ್ಯಾಸ ಇದೆ. ನನಗೆ ಇಷ್ಟವಾದ ಉದಾಹರಣೆ ಅಂತ ಅದಕ್ಕೆ ವಿನಾಯಿತಿ ಕೊಡಲು ಆಗುವುದಿಲ್ಲ.

ಕ್ಯಾಲಿಫೋರ್ನಿಯಾದ ಕಥೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1993ರಲ್ಲಿ ಅಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಮನೆಯಿಂದಲೇ ಅಪಹರಿಸಿ ಕೊಂದರು. ಕೊಂದವನು ಹಳೆಯ ಅಪರಾಧಿ. ಇಡೀ ರಾಜ್ಯ ಕುದಿಯಿತು. ಕುದಿಯದೇ ಇರಲು ಹೇಗೆ ಸಾಧ್ಯ? ಮುಂದಿನ ವರ್ಷ, 1994ರಲ್ಲಿ, "ಮೂರು ಸ್ಟ್ರೈಕ್" ಕಾನೂನು ಬಂತು. ಹಿಂದೆ ಎರಡು ಗಂಭೀರ ಅಪರಾಧ ಮಾಡಿದವನು ಮೂರನೆಯ ಸಲ ಸಿಕ್ಕಿಬಿದ್ದರೆ ಕನಿಷ್ಠ 25 ವರ್ಷದಿಂದ ಜೀವಾವಧಿ, ಅಂದರೆ 25 ವರ್ಷ ಕಳೆಯುವ ತನಕ ಬಿಡುಗಡೆಯ ಮಾತೇ ಇಲ್ಲ. ಮೂರನೆಯದು ದೊಡ್ಡ ಅಪರಾಧವೇ ಆಗಿರಬೇಕು ಅಂತ ಆಗ ಇರಲಿಲ್ಲ.

ಕಾನೂನು ಬಂದ ಮೇಲೆ ಅಪರಾಧ ಇಳಿಯಿತು. ಕಾನೂನು ತಂದವರು ಎದೆ ತಟ್ಟಿಕೊಂಡರು. ಆದರೆ ಗ್ರಾಫನ್ನು ಎರಡು ವರ್ಷ ಹಿಂದಕ್ಕೆ ಎಳೆದು ನೋಡಿದರೆ ಇಳಿತ ಕಾನೂನಿಗಿಂತ ಮೊದಲೇ ಶುರುವಾಗಿತ್ತು. ಆ ಕಾನೂನನ್ನು ಅಪರೂಪಕ್ಕೆ ಮಾತ್ರ ಬಳಸಿದ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಅಪರಾಧ ಇಳಿಯಿತು. ಅಂಥ ಕಾನೂನೇ ಇಲ್ಲದ ರಾಜ್ಯಗಳಲ್ಲೂ ಇಳಿಯಿತು.

ಇಲ್ಲಿ ಒಂದು ಮಾತು. ಕಠಿಣ ಕಾನೂನುಗಳು ಹುಟ್ಟುವುದೇ ಪರಿಸ್ಥಿತಿ ತೀರಾ ಕೆಟ್ಟಾಗ. ಜ್ವರ 104 ಡಿಗ್ರಿ ಮುಟ್ಟಿದಾಗಲೇ ನಾವು ಡಾಕ್ಟರ ಹತ್ತಿರ ಓಡುವುದು. ತುತ್ತತುದಿಗೆ ಹೋದದ್ದು ಬಹಳ ಸಲ ತಾನಾಗಿಯೇ ಇಳಿಯುತ್ತದೆ. ಇಳಿದಾಗ ಕೊನೆಯಲ್ಲಿ ಕೊಟ್ಟ ಮಾತ್ರೆಗೆ ಹೆಸರು ಬರುತ್ತದೆ. ಮಾತ್ರೆ ಕೆಲಸ ಮಾಡಿರಲೂಬಹುದು. ಆದರೆ ಜ್ವರ ಇಳಿದದ್ದೊಂದೇ ಅದಕ್ಕೆ ಸಾಕ್ಷಿ ಆಗುವುದಿಲ್ಲ.

ಈ ಕಾನೂನಿನಡಿ ಒಬ್ಬ ವ್ಯಕ್ತಿ ಎರಡು ಅಂಗಡಿಗಳಿಂದ ಒಂಬತ್ತು ವಿಡಿಯೊ ಕ್ಯಾಸೆಟ್ ಕದ್ದಿದ್ದಕ್ಕೆ 50 ವರ್ಷದಿಂದ ಜೀವಾವಧಿ ಶಿಕ್ಷೆ ಪಡೆದ. ಕ್ಯಾಸೆಟ್‌ಗಳ ಒಟ್ಟು ಬೆಲೆ ಸುಮಾರು 150 ಡಾಲರ್. ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. 2003ರಲ್ಲಿ ಐವರು ನ್ಯಾಯಮೂರ್ತಿಗಳು ಶಿಕ್ಷೆಯನ್ನು ಎತ್ತಿಹಿಡಿದರು, ನಾಲ್ವರು ಒಪ್ಪಲಿಲ್ಲ. ಅವನಿಗೆ ಹಳೆಯ ಅಪರಾಧಗಳಿದ್ದವು, ನಿಜ. ಆದರೂ ಈ ಪ್ರಕರಣ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. "ಇದರಿಂದ ಅಪರಾಧ ಇಳಿಯುತ್ತಿದೆ" ಅನ್ನುವ ಆ ಒಂದು "ಇದರಿಂದ" ಸಡಿಲವಾಗಿತ್ತು. ಅದರ ಬೆಲೆ ಒಬ್ಬ ಮನುಷ್ಯನ ಆಯಸ್ಸು. 2012ರಲ್ಲಿ ಆ ರಾಜ್ಯದ ಮತದಾರರೇ ಆ ಕಾನೂನನ್ನು ಸಡಿಲಿಸಿದರು.

ಇಲ್ಲಿಯವರೆಗೆ ಕೇಳಿ ಕೆಲವರಿಗೆ ಅನ್ನಿಸಿರಬಹುದು: ಹಾಗಾದರೆ ಜೈಲಿನಿಂದ ಏನೂ ಉಪಯೋಗ ಇಲ್ಲ ಅಂತ ಮೇಷ್ಟ್ರು ಹೇಳುತ್ತಿದ್ದಾರೆ. ಇಲ್ಲ, ನಾನು ಹಾಗೆ ಹೇಳುತ್ತಿಲ್ಲ. ಸಹಸಂಬಂಧ ಕಾರಣ ಅಲ್ಲ ಅನ್ನುವ ಮಾತನ್ನು ಬಹಳ ಜನ ಕಾರಣವೇ ಇಲ್ಲ ಅಂತ ಓದಿಕೊಳ್ಳುತ್ತಾರೆ. ಎದುರಾಳಿಯ ಅಂಕಿ ಬಂದಾಗ ಈ ಮಾತು ನೆನಪಾಗುತ್ತದೆ, ನಮ್ಮ ಅಂಕಿ ಬಂದಾಗ ಮರೆತುಹೋಗುತ್ತದೆ. ನನ್ನ ಸ್ನೇಹಿತರಲ್ಲಿ ಇದನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಮುಂದಿನ ಉದಾಹರಣೆ ನನಗೆ ಮುಖ್ಯ.

1996ರಲ್ಲಿ ಸ್ಟೀವನ್ ಲೆವಿಟ್ ಎಂಬ ಅರ್ಥಶಾಸ್ತ್ರಜ್ಞ ಒಂದು ಜಾಣ ದಾರಿ ಹಿಡಿದರು. ಅಮೆರಿಕದ 12 ರಾಜ್ಯಗಳಲ್ಲಿ ಜೈಲುಗಳು ತುಂಬಿ ತುಳುಕುತ್ತಿವೆ ಅಂತ ಕೈದಿಗಳ ಪರ ಕೇಸು ನಡೆದು, ಇಡೀ ಜೈಲು ವ್ಯವಸ್ಥೆ ಕೋರ್ಟಿನ ಹತೋಟಿಗೆ ಬಂದಿತ್ತು. ಕೋರ್ಟು ಕೈ ಹಾಕಿದ್ದು ಜೈಲಿನ ಇಕ್ಕಟ್ಟು ನೋಡಿ. ಆ ವರ್ಷ ಊರಿನಲ್ಲಿ ಕಳ್ಳತನ ಎಷ್ಟಾಯಿತು ಅಂತ ನೋಡಿ ಅಲ್ಲ. ಹಾಗಾಗಿ ಅಪರಾಧದಿಂದ ಜೈಲಿಗೆ ಹೋಗುವ ಬಾಣ ಇಲ್ಲಿ ಬಹುಮಟ್ಟಿಗೆ ಕತ್ತರಿಸಿದಂತೆ. ಉಳಿದಿದ್ದು ಒಂದೇ ಬಾಣ.

ಹಾಗೆ ಅಳೆದಾಗ ಏನು ಸಿಕ್ಕಿತು? ಒಬ್ಬ ಕೈದಿ ಕಡಿಮೆಯಾದರೆ ವರ್ಷಕ್ಕೆ ಸುಮಾರು 15 ಅಪರಾಧ ಜಾಸ್ತಿ. ಸುಮ್ನೆ ಎರಡು ಗೆರೆ ಪಕ್ಕಪಕ್ಕ ಇಟ್ಟಾಗ ಕಾಣುತ್ತಿದ್ದ ಪರಿಣಾಮಕ್ಕಿಂತ ಇದು ದೊಡ್ಡದು. ಅಂದರೆ ಸಹಸಂಬಂಧ ಇಲ್ಲಿ ಜೈಲಿನ ಪರಿಣಾಮವನ್ನು ಹಿಗ್ಗಿಸಿರಲಿಲ್ಲ, ಮುಚ್ಚಿಟ್ಟಿತ್ತು. ಅಪರಾಧ ಜಾಸ್ತಿ ಇದ್ದ ಕಡೆಯೇ ಜೈಲೂ ಜಾಸ್ತಿ ಇದ್ದುದರಿಂದ ಜೈಲು ವ್ಯರ್ಥ ಅಂತ ತೋರುತ್ತಿತ್ತು. ದೊಡ್ಡಾಸ್ಪತ್ರೆಯಲ್ಲಿ ಸಾವು ಜಾಸ್ತಿ ಅಂತ ದೊಡ್ಡಾಸ್ಪತ್ರೆಗೆ ಹೋಗಬೇಡಿ ಅನ್ನುತ್ತೇವಾ? ಸೀರಿಯಸ್ ಆದವರನ್ನೇ ಅಲ್ಲಿಗೆ ಕಳಿಸುವುದು.

ಆದರೆ ಆ 15 ಅನ್ನುವ ಸಂಖ್ಯೆಯನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಡಿ. ಅದು ಅಮೆರಿಕದ ಜೈಲುಗಳು ಇನ್ನೂ ಅಷ್ಟು ದೊಡ್ಡದಾಗಿರದ ಕಾಲದ್ದು. 2012ರಲ್ಲಿ ರೂಕರ್ ಜಾನ್ಸನ್ ಮತ್ತು ಸ್ಟೀವನ್ ರಾಫೆಲ್ ಎಂಬ ಇಬ್ಬರು ಹಳೆಯ ಮತ್ತು ಹೊಸ ವರ್ಷಗಳನ್ನು ಬೇರೆ ಮಾಡಿ ನೋಡಿದರು. 1990ರವರೆಗೆ ಒಬ್ಬ ಹೆಚ್ಚುವರಿ ಕೈದಿಯಿಂದ ತಪ್ಪುತ್ತಿದ್ದ ಅಪರಾಧ ಜಾಸ್ತಿ, ಆಮೇಲೆ ಬಹಳ ಕಡಿಮೆ. ಯಾಕೆ ಅಂತ ಯೋಚಿಸಿದರೆ ತಿಳಿಯುತ್ತದೆ. ಮೊದಲ ಸಾವಿರ ಜನರನ್ನು ಹಿಡಿಯುವಾಗ ನಿಜವಾಗಿ ಅಪಾಯಕಾರಿ ಆದವರು ಸಿಗುತ್ತಾರೆ. ಹತ್ತು ಲಕ್ಷ ದಾಟಿದ ಮೇಲೆ ಸಿಗುವವರು ಬೇರೆ. ಬೀದಿಯಲ್ಲಿ ಡ್ರಗ್ಸ್ ಮಾರುವ ಒಬ್ಬ ಹುಡುಗನನ್ನು ಒಳಗೆ ಹಾಕಿದರೆ ವಾರದೊಳಗೆ ಅದೇ ಮೂಲೆಯಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಅರವತ್ತು ದಾಟಿದ ಮುದುಕನನ್ನು ಇನ್ನೂ ಹತ್ತು ವರ್ಷ ಒಳಗೆ ಇಟ್ಟರೆ ತಪ್ಪುವ ಅಪರಾಧ ಎಷ್ಟು?

ಈಗ ಒಂದು ಕಥೆ. ನಿಮಗೆಲ್ಲ ಗೊತ್ತಿರುವುದೇ. ಒಬ್ಬ ಅಜ್ಜಿ ಇದ್ದಳು. ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗಾಗುವುದು ಅಂತ ನಂಬಿದ್ದಳು. ಊರವರ ಮೇಲೆ ಸಿಟ್ಟು ಬಂದು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಡಿಗೆ ಹೋದಳು. ನಾವು ಅವಳ ಜಂಬಕ್ಕೆ ನಗುತ್ತಾ ಬೆಳೆದೆವು. ಸಂಖ್ಯಾಶಾಸ್ತ್ರ ಕಲಿಸಲು ಶುರು ಮಾಡಿದ ಮೇಲೆ ನನಗೆ ಆ ಅಜ್ಜಿಯ ಮೇಲೆ ಗೌರವ ಬಂತು. ಅವಳು ಪ್ರಯೋಗ ಮಾಡಿದಳು! ಕೋಳಿ ತೆಗೆದರೆ ಏನಾಗುತ್ತದೆ ಅಂತ ನಿಜವಾಗಿ ತೆಗೆದು ನೋಡಿದಳು. ಟಿವಿಯಲ್ಲಿ ಕೂಗಾಡುವವರು ಅಷ್ಟೂ ಮಾಡುವುದಿಲ್ಲ.

ಎರಡು ದೊಡ್ಡ ಕಡೆ ಕೋಳಿಯನ್ನು ಹಾಗೆ ತೆಗೆದದ್ದು ಉಂಟು.

ಮೊದಲನೆಯದು ಇಟಲಿ. 2006ರಲ್ಲಿ ಅಲ್ಲಿನ ಸಂಸತ್ತು ಸಾಮೂಹಿಕ ಕ್ಷಮಾದಾನ ಕೊಟ್ಟಿತು. ಮೂರು ವರ್ಷ ಅಥವಾ ಅದಕ್ಕಿಂತ ಕಡಿಮೆ ಶಿಕ್ಷೆ ಬಾಕಿ ಇದ್ದವರಲ್ಲಿ ಬಹುಪಾಲು ಜನ ಹೊರಗೆ ಬಂದರು. ಆಗಸ್ಟ್ ತಿಂಗಳಲ್ಲಿ ಸುಮಾರು 22,000 ಜನ. ಜೈಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅದಾದ ಮೇಲೆ ಅಪರಾಧ ಏರಿತು, ಮುಖ್ಯವಾಗಿ ಕಳ್ಳತನದಂಥವು. ಜೈಲು ಜನರನ್ನು ತಡೆದು ನಿಲ್ಲಿಸುತ್ತದೆ ಅನ್ನುವುದಕ್ಕೆ ಇದು ಗಟ್ಟಿ ಸಾಕ್ಷಿ. ಜೈಲು ಬೇಡವೇ ಬೇಡ ಅನ್ನುವವರು ಇದನ್ನು ನುಂಗಿಕೊಳ್ಳಲೇಬೇಕು.

ಇದರೊಳಗೆ ಇನ್ನೊಂದು ಸೊಗಸಾದ ಪ್ರಯೋಗ ತಾನಾಗಿ ನಡೆಯಿತು. ಬಿಡುಗಡೆಯಾದವರಿಗೆ ಒಂದು ಷರತ್ತು ಇತ್ತು. ಐದು ವರ್ಷದೊಳಗೆ ಮತ್ತೆ ಗಂಭೀರ ತಪ್ಪು ಮಾಡಿದರೆ ಹೊಸ ಶಿಕ್ಷೆಯ ಜೊತೆ ಹಳೆಯ ಬಾಕಿಯೂ ಸೇರುತ್ತದೆ. ಈಗ ಇಬ್ಬರನ್ನು ನೆನೆಸಿಕೊಳ್ಳಿ. ಒಂದೇ ಥರದ ತಪ್ಪು, ಒಂದೇ ಶಿಕ್ಷೆ. ಒಬ್ಬ ಒಂದು ವರ್ಷ ಮೊದಲು ಒಳಗೆ ಹೋಗಿದ್ದ, ಇನ್ನೊಬ್ಬ ಆಮೇಲೆ ಹೋಗಿದ್ದ. ಇಬ್ಬರೂ ಒಂದೇ ದಿನ ಹೊರಬಂದರು. ಒಬ್ಬನ ತಲೆಯ ಮೇಲೆ ಒಂದು ವರ್ಷದ ಕತ್ತಿ, ಇನ್ನೊಬ್ಬನ ತಲೆಯ ಮೇಲೆ ಎರಡು ವರ್ಷದ ಕತ್ತಿ. ಈ ವ್ಯತ್ಯಾಸಕ್ಕೆ ಅವರ ಸ್ವಭಾವ ಕಾರಣ ಅಲ್ಲ, ಕ್ಯಾಲೆಂಡರ್ ಕಾರಣ. ಸಂಶೋಧಕರು ಲೆಕ್ಕ ಹಾಕಿದರು. ಬಾಕಿ ಇದ್ದ ಒಂದೊಂದು ತಿಂಗಳಿಗೂ ಮತ್ತೆ ತಪ್ಪು ಮಾಡುವ ಸಾಧ್ಯತೆ 1.3%ರಷ್ಟು ಕಡಿಮೆಯಾಗುತ್ತಿತ್ತು. ಹೆದರಿಕೆ ಕೆಲಸ ಮಾಡುತ್ತದೆ. ಎಷ್ಟು ಮಾಡುತ್ತದೆ ಅಂತಲೂ ಒಂದು ಅಂದಾಜು ಸಿಕ್ಕಿತು. ಇಂಥ ಕಡೆ "ಆದ್ದರಿಂದ" ಅನ್ನುವ ಪದ ಬಳಸಲು ನನಗೆ ಧೈರ್ಯ ಬರುತ್ತದೆ.

ಎರಡನೆಯದು ಮತ್ತೆ ಕ್ಯಾಲಿಫೋರ್ನಿಯಾ. ಅಲ್ಲಿನ ಜೈಲುಗಳನ್ನು ಕಟ್ಟಿದ್ದು ಸುಮಾರು 80,000 ಜನರಿಗೆ. ಅದರ ಎರಡು ಪಟ್ಟು ಜನರನ್ನು ತುಂಬಿದ್ದ ಕಾಲ ಇತ್ತು. ವ್ಯಾಯಾಮದ ಹಾಲ್‌ಗಳಲ್ಲಿ ಮಂಚದ ಮೇಲೆ ಮಂಚ ಹಾಕಿ ಮಲಗಿಸಿದ್ದರು. ಚಿಕಿತ್ಸೆ ಸಿಗದೆ ಜನ ಸತ್ತರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೈದಿಗಳ ಸಂಖ್ಯೆ ಇಳಿಸಲೇಬೇಕು ಅಂತ ಹೇಳಿತು. ಒಪ್ಪದ ನ್ಯಾಯಮೂರ್ತಿಗಳು ಇದರಿಂದ ಜನರ ಪ್ರಾಣಕ್ಕೆ ಅಪಾಯ ಅಂತ ಎಚ್ಚರಿಸಿದರು. ಅಕ್ಟೋಬರ್‌ನಲ್ಲಿ ಹೊಸ ವ್ಯವಸ್ಥೆ ಬಂತು. ಸಣ್ಣ ಅಪರಾಧಗಳವರನ್ನು ರಾಜ್ಯದ ಜೈಲಿಗೆ ಕಳಿಸುವ ಬದಲು ಕೌಂಟಿಗಳೇ, ಅಂದರೆ ನಮ್ಮ ಜಿಲ್ಲೆಗಳಂಥವೇ, ನೋಡಿಕೊಳ್ಳಬೇಕು. ಒಂದು ವರ್ಷದಲ್ಲಿ ರಾಜ್ಯದ ಜೈಲುಗಳಲ್ಲಿ ಸುಮಾರು 27,000 ಜನ ಕಡಿಮೆಯಾದರು. ಅವರಲ್ಲಿ ಒಂದು ಭಾಗ ಕೌಂಟಿಯ ಜೈಲುಗಳಿಗೆ ಹೋಯಿತು, ಉಳಿದವರು ಹೊರಗೆ.

ಏನಾಯಿತು? ಸಂಶೋಧಕರು ಬೇರೆ ಬೇರೆ ರಾಜ್ಯಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, 2011ರವರೆಗೆ ಕ್ಯಾಲಿಫೋರ್ನಿಯಾದಂತೆಯೇ ನಡೆದುಬಂದ ಒಂದು ಲೆಕ್ಕದ ಕ್ಯಾಲಿಫೋರ್ನಿಯಾ ಕಟ್ಟಿದರು. ಆಮೇಲೆ ಅಸಲಿ ಮತ್ತು ಲೆಕ್ಕದ ರಾಜ್ಯ ಎಲ್ಲಿ ಬೇರೆಯಾದವು ಅಂತ ನೋಡಿದರು. ಹಿಂಸಾತ್ಮಕ ಅಪರಾಧದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾರು ಕಳ್ಳತನ ಏರಿತು. ಕಾರು ಕಳೆದುಕೊಂಡವರ ನೋವೂ ನೋವೇ, ಅದನ್ನು ಪಕ್ಕಕ್ಕೆ ತಳ್ಳುವ ಹಾಗಿಲ್ಲ. ಆದರೆ ಎಚ್ಚರಿಸಿದಂಥ ರಕ್ತಪಾತ ಆಗಲಿಲ್ಲ. ಅಜ್ಜಿ ಕೋಳಿ ತಗೊಂಡು ಹೋದಳು, ಊರಿಗೆ ಬೆಳಗಾಯಿತು, ಕೆಲವರು ಮಾತ್ರ ತಡವಾಗಿ ಎದ್ದರು. ಕಥೆ ಹೇಳುವಾಗ ಈ ಕೆಲವರನ್ನು ನಾವು ಬಿಟ್ಟುಬಿಡುತ್ತೇವೆ. ಬಿಡಬಾರದು.

ಇಟಲಿ ಒಂದು ಹೇಳಿತು, ಕ್ಯಾಲಿಫೋರ್ನಿಯಾ ಇನ್ನೊಂದು ಹೇಳಿತು. ನನಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಇಟಲಿಯಲ್ಲಿ ಒಂದು ಲಕ್ಷ ಜನರಿಗೆ ನೂರರ ಆಸುಪಾಸಿನಲ್ಲಿ ಕೈದಿಗಳಿದ್ದರು, ಕ್ಯಾಲಿಫೋರ್ನಿಯಾದಲ್ಲಿ ಅದರ ಹಲವು ಪಟ್ಟು. ಯಾರನ್ನು ಬಿಟ್ಟರು, ಒಳಗೆ ಉಳಿದವರು ಯಾರು ಅನ್ನುವುದೂ ಬೇರೆ.

ಒಳಗೆ ಏನು ನಡೆಯುತ್ತದೆ ಅನ್ನುವುದೂ ಎಣಿಕೆಗೆ ಬರುತ್ತದೆ. ನಾರ್ವೆಯಲ್ಲಿ ಮತ್ತು ಟೆಕ್ಸಾಸ್‌ನ ಹ್ಯಾರಿಸ್ ಕೌಂಟಿಯಲ್ಲಿ ಯಾವ ಕೇಸು ಯಾವ ಜಡ್ಜ್ ಮುಂದೆ ಹೋಗುತ್ತದೆ ಅನ್ನುವುದು ಹೆಚ್ಚುಕಡಿಮೆ ಚೀಟಿ ಎತ್ತಿದ ಹಾಗೆ. ಕೆಲವು ಜಡ್ಜ್‌ಗಳು ಬಿಗಿ, ಕೆಲವರು ಸಡಿಲ. ಹಾಗಾಗಿ ಒಂದೇ ಥರದ ಜನರಲ್ಲಿ ಕೆಲವರು ಅದೃಷ್ಟದಿಂದ ಹೊರಗುಳಿದರು, ಕೆಲವರು ಒಳಗೆ ಹೋದರು. ನಾರ್ವೆಯಲ್ಲಿ ಒಳಗೆ ಹೋದವರು ಮತ್ತೆ ತಪ್ಪು ಮಾಡುವುದು ಕಡಿಮೆಯಾಯಿತು. ಅದರಲ್ಲೂ ಮೊದಲು ಕೆಲಸ ಇಲ್ಲದಿದ್ದವರಿಗೆ ಒಳಗೆ ತರಬೇತಿ ಸಿಕ್ಕಿ, ಹೊರಬಂದ ಮೇಲೆ ಕೆಲಸ ಸಿಕ್ಕಿತು. ಹ್ಯಾರಿಸ್ ಕೌಂಟಿಯಲ್ಲಿ ಉಲ್ಟಾ. ಒಳಗೆ ಹೋಗಿ ಬಂದವರು ಹೆಚ್ಚು ತಪ್ಪು ಮಾಡಿದರು, ಇದ್ದ ಕೆಲಸವನ್ನೂ ಕಳೆದುಕೊಂಡರು. ಎರಡಕ್ಕೂ ನಾವು ಜೈಲು ಅನ್ನುವ ಒಂದೇ ಹೆಸರು ಇಟ್ಟಿದ್ದೇವೆ, ಅಷ್ಟೆ.

2020ರ ಬಗ್ಗೆ ಎರಡು ಮಾತು. ಕೋವಿಡ್ ವರ್ಷದಲ್ಲಿ ಅಮೆರಿಕದ ಕೈದಿಗಳ ಸಂಖ್ಯೆ ಸುಮಾರು 15% ಇಳಿಯಿತು. ಅದೇ ವರ್ಷ ಕೊಲೆಗಳು ಸುಮಾರು 30% ಏರಿದವು. ನೋಡಿ, ಬಿಟ್ಟರು, ಆದ್ದರಿಂದ ಕೊಂದರು ಅಂತ ಕೂಗು ಎದ್ದಿತು. ಆದರೆ ಆ ವರ್ಷ ಕಳ್ಳತನ ಇಳಿದಿತ್ತು. ಕೈದಿಗಳ ಬಿಡುಗಡೆಯೇ ಕಾರಣ ಆಗಿದ್ದರೆ ಇಟಲಿಯ ಹಾಗೆ ಕಳ್ಳತನ ಮೊದಲು ಏರಬೇಕಿತ್ತು. ಇದನ್ನು ನಾನು ಒಂದು ಸಭೆಯಲ್ಲಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಎದ್ದು, "ಸಾರ್, ಆಗ ಎಲ್ಲರೂ ಮನೆಯಲ್ಲೇ ಇದ್ರಲ್ಲ, ಕಳ್ಳ ಬರೋದು ಹೇಗೆ?" ಅಂದಳು. ಅವಳು ಹೇಳಿದ್ದು ಸರಿ. ನನ್ನ ವಾದ ಅಲ್ಲಿಗೆ ಅರ್ಧ ಬಿದ್ದುಹೋಯಿತು. ಅವತ್ತಿನಿಂದ ಈ ಉದಾಹರಣೆಯನ್ನು ಅವಳ ಪ್ರಶ್ನೆ ಸೇರಿಸಿಯೇ ಹೇಳುತ್ತೇನೆ.

ಇದೆಲ್ಲ ನಮಗೆ ಯಾಕೆ ಅಂತ ಕೇಳಬಹುದು. ಪ್ರತಿ ವರ್ಷ ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ವರದಿ ಬಂದ ಮಾರನೆಯ ದಿನ ಪತ್ರಿಕೆಗಳಲ್ಲಿ ಯಾವ ರಾಜ್ಯ ಮೊದಲು, ಯಾವ ನಗರ ಮೊದಲು ಅನ್ನುವ ಪಟ್ಟಿ ಬರುತ್ತದೆ. ಅಪರಾಧ ಹೆಚ್ಚಾಗುವುದು ಬೇರೆ, ಪೊಲೀಸರು ದಾಖಲಿಸುವುದು ಹೆಚ್ಚಾಗುವುದು ಬೇರೆ ಅಂತ ಬ್ಯೂರೋ ತನ್ನ ವರದಿಯಲ್ಲೇ ಹೇಳಿದೆ. 2012ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 24,923. 2013ರಲ್ಲಿ 33,707. ನಡುವೆ ದೆಹಲಿಯ ಘಟನೆ ನಡೆದಿತ್ತು, ಕಾನೂನು ಬಿಗಿಯಾಗಿತ್ತು. ಕಾನೂನು ಬಿಗಿಯಾಗಿದ್ದರಿಂದ ಅತ್ಯಾಚಾರ ಹೆಚ್ಚಿತು ಅಂತ ಯಾರೂ ಹೇಳುವುದಿಲ್ಲ. ದೂರು ಕೊಡುವ ಧೈರ್ಯ ಹೆಚ್ಚಿತು, ದೂರು ತಗೊಳ್ಳದೆ ವಾಪಸ್ ಕಳಿಸುವುದು ಕಷ್ಟವಾಯಿತು, ಕಾನೂನಿನ ವ್ಯಾಖ್ಯೆಯೂ ವಿಸ್ತಾರವಾಯಿತು. ಎಷ್ಟೋ ಹೆಣ್ಣುಮಕ್ಕಳು ಠಾಣೆಯ ಮೆಟ್ಟಿಲು ಹತ್ತಿದ್ದನ್ನು ನಾವು ಬರೀ ಏರಿದ ಗೆರೆ ಅಂತ ಓದಿದರೆ ಅವರಿಗೆ ಅನ್ಯಾಯ.

ನಮ್ಮ ಜೈಲಿನ ಲೆಕ್ಕವೂ ಅಮೆರಿಕದ ಲೆಕ್ಕ ಅಲ್ಲ. 2022ರ ಕೊನೆಗೆ ಭಾರತದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಹಾಗಾಗಿ ನಮ್ಮಲ್ಲಿ ಜೈಲಿನ ಗೆರೆ ಏರಿದರೆ ನಾನು ಮೊದಲು ನೋಡುವುದು ಕೋರ್ಟಿನ ವಿಳಂಬವನ್ನು, ಜಾಮೀನಿಗೆ ದುಡ್ಡು ಹೊಂದಿಸಲಾಗದ ಮನೆಗಳನ್ನು. ಅಪರಾಧದ ಗೆರೆಯನ್ನು ಆಮೇಲೆ ನೋಡುತ್ತೇನೆ.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.

(ಮೊದಲ ಪ್ರಶ್ನೆ ಒಬ್ಬ ಬಿ.ಎ. ವಿದ್ಯಾರ್ಥಿಯದು: "ಸಾರ್, ಕೊನೆಗೂ ಜೈಲು ಬೇಕಾ, ಬೇಡ್ವಾ?")

ಬೇಕು. ಆದರೆ ನಿನ್ನ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ಕೇಳಪ್ಪ. ಯಾರಿಗೆ, ಎಷ್ಟು ವರ್ಷ, ಒಳಗೆ ಏನು ಕಲಿಸಿ, ಅದರ ಬದಲು ಇನ್ನೇನು ಮಾಡಬಹುದಿತ್ತು? 2008ರಲ್ಲಿ ಅಮೆರಿಕದಲ್ಲಿ 20ರಿಂದ 34 ವಯಸ್ಸಿನ ಕಪ್ಪು ಗಂಡಸರಲ್ಲಿ ಒಂಬತ್ತು ಜನರಿಗೆ ಒಬ್ಬರು ಜೈಲಿನಲ್ಲಿದ್ದರು. ಆ ಒಂಬತ್ತನೆಯವನನ್ನು ಒಳಗೆ ಇಟ್ಟದ್ದರಿಂದ ಅವನ ಬೀದಿ ಸುರಕ್ಷಿತ ಆಯಿತೋ, ಅವನ ಮಕ್ಕಳ ಬದುಕು ಹಾಳಾಯಿತೋ ಅನ್ನುವುದನ್ನು ಬೇಕು ಅಥವಾ ಬೇಡ ಅನ್ನುವ ಒಂದು ಪದ ಹೇಳಲಾರದು.

(ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು ನಿಂತರು. ಜೈಲಿನಲ್ಲಿ ವಾರ್ಡರ್ ಆಗಿ ನಿವೃತ್ತರಾದವರು ಅಂತ ಪರಿಚಯ ಹೇಳಿಕೊಂಡರು. "ಮೇಷ್ಟ್ರೇ, ನಿಮ್ಮ ಲೆಕ್ಕ ಏನೇ ಹೇಳಲಿ, ನಾನು ಕಣ್ಣಾರೆ ಕಂಡಿದ್ದೀನಿ. ಹೋದೋರು ವಾಪಸ್ ಬಂದೇ ಬರ್ತಾರೆ. ಅದೇ ಮುಖ, ಅದೇ ಹೆಸರು" ಅಂದರು.)

ನೀವು ಕಂಡಿದ್ದು ಸುಳ್ಳಲ್ಲ, ಯಜಮಾನರೇ. ಅಮೆರಿಕದಲ್ಲೂ ಬಹಳ ಕಾಲ ಹೀಗೇ ಲೆಕ್ಕ ಹಾಕುತ್ತಿದ್ದರು. ಒಂದು ವರ್ಷ ಬಿಡುಗಡೆಯಾದ ಎಲ್ಲರನ್ನೂ ಹಿಂಬಾಲಿಸಿ ಎಷ್ಟು ಜನ ಮತ್ತೆ ಸಿಕ್ಕಿಬಿದ್ದರು ಅಂತ ನೋಡುತ್ತಿದ್ದರು. ಆದರೆ ಹತ್ತು ಸಲ ಬಂದು ಹೋಗುವವನು ಯಾವ ವರ್ಷ ನೋಡಿದರೂ ಆ ಪಟ್ಟಿಯಲ್ಲಿರುತ್ತಾನೆ. ಒಂದೇ ಸಲ ಬಂದು ಹೋದವನು ಒಂದೇ ವರ್ಷ ಇರುತ್ತಾನೆ. ಜನರನ್ನು ತಲೆಗೆ ಒಂದರಂತೆ ಎಣಿಸಿ ಬಹಳ ವರ್ಷ ಹಿಂಬಾಲಿಸಿದಾಗ, ಬಿಡುಗಡೆಯಾದ ಮೂವರಲ್ಲಿ ಇಬ್ಬರು ಮತ್ತೆ ಜೈಲಿಗೆ ಬರಲೇ ಇಲ್ಲ.

(ಅವರು ಸ್ವಲ್ಪ ಹೊತ್ತು ಕೂರದೆ ಹಾಗೇ ನಿಂತಿದ್ದರು. ಆಮೇಲೆ ನಿಧಾನವಾಗಿ ಹೇಳಿದರು: "ಇರಬಹುದು ಮೇಷ್ಟ್ರೇ. ವಾಪಸ್ ಬಂದೋರ ಹೆಸರು ಈಗ ಕೇಳಿದ್ರೂ ಹೇಳ್ತೀನಿ. ಬರದೇ ಇದ್ದೋರ ಮುಖ ಒಂದೂ ನೆನಪಿಲ್ಲ.")